ತಣ್ಣಗಿದ್ದ ಬಲ್ಬಿನ ಲೆಕ್ಕ

ನನ್ನಂಥದ್ದು ತನ್ನ ಕಥೆ ಹೇಳಿಕೊಳ್ಳಲು ಹೊರಟರೆ ನಿಮಗೆ ನಗು ಬರಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನೊಂದು ಮಲ್ಟಿಮೀಟರ್. ಕಪ್ಪು ಡಬ್ಬಿ, ಗಾಜಿನ ಹಿಂದೆ ಒಂದು ಮುಳ್ಳು, ಕೆಂಪು ಕಪ್ಪು ಎರಡು ವೈರು. ಕೇಳಿದ್ದಕ್ಕೆ ಮುಳ್ಳು ಆಡಿಸಿ ಉತ್ತರ ಕೊಡುವುದಷ್ಟೇ ನನಗೆ ಗೊತ್ತು. ಕಥೆ ಹೇಳಿ ರೂಢಿಯಿಲ್ಲ.

ಒಂದು ಸಣ್ಣ ಕಾರ್ಖಾನೆಯಲ್ಲಿ ಹೆಂಗಸೊಬ್ಬರು ಉಸಿರು ಬಿಗಿಹಿಡಿದು ನನ್ನ ಮುಳ್ಳನ್ನು ಕೂರಿಸಿದರು. ಉಸಿರು ತಾಕಿದರೂ ಅದು ಅಲುಗುತ್ತಿತ್ತು. ಅಂದು ಹಿಡಿದ ಅಳುಕು ಇನ್ನೂ ಬಿಟ್ಟಿಲ್ಲ. ಅಲ್ಲಿಂದ ಅಂಗಡಿಗೆ ಬಂದೆ, ಅಂಗಡಿಯಿಂದ ಚಿಂತಾಮಣಿಯ ಒಂದು ಸಂಜೆ ತರಗತಿಗೆ. ಹಗಲೆಲ್ಲ ದುಡಿದವರು ಅಲ್ಲಿ ವೈರಿಂಗ್ ಕಲಿಯಲು ಬರುತ್ತಿದ್ದರು. ನನಗೆ ಗೊತ್ತಿರುವ ನಾಲ್ಕಕ್ಷರವೂ ಅಲ್ಲಿಯದೇ.

ಕಲಿಸುತ್ತಿದ್ದವರು ಅಮಾನುಲ್ಲಾ ಮೇಷ್ಟ್ರು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ತಂತಿ ಕರೆಂಟಿಗೆ ಒಡ್ಡುವ ಅಡ್ಡಿ, ಗುಣಿಸಿದರೆ ವಾಟ್ ಎಂದು ದಿನವೂ ಹೇಳಿಸುತ್ತಿದ್ದರು. ರೋಧ ಅಳೆಯುವಾಗ ಮಾತ್ರ ಕರೆಂಟ್ ಇರಬಾರದು. ಇದ್ದರೆ ನಾನು ಸುಟ್ಟುಹೋಗುತ್ತೇನೆ. ಸ್ವಿಚ್ ಆರಿಸಿ, ವಸ್ತುವನ್ನು ಬಿಚ್ಚಿ, ಆಮೇಲೆ ಮೀಟರ್ ಮುಟ್ಟಿಸಬೇಕು. ಇದು ಅವರ ಕಟ್ಟಪ್ಪಣೆ. ಸಂತೆ ಮಾಲಿನ ಮೇಲೆ ಅಚ್ಚು ಹಾಕಿದ್ದನ್ನು ನಂಬಬೇಡಿ, ಅಳೆದು ನೋಡಿ ಎಂದೂ ಹೇಳುತ್ತಿದ್ದರು.

ಈ ಮಾತುಗಳನ್ನು ಬ್ಯಾಟಪ್ಪನಷ್ಟು ಶ್ರದ್ಧೆಯಿಂದ ಕೇಳಿದವರಿಲ್ಲ. ಹಿಟ್ಟಿನ ಮಿಲ್ಲಿನಲ್ಲಿ ಕೆಲಸ, ನಲವತ್ತರ ಹತ್ತಿರದ ವಯಸ್ಸು, ಎಷ್ಟು ಮುಖ ತೊಳೆದು ಬಂದರೂ ಹುಬ್ಬಿನಲ್ಲಿ ರಾಗಿ ಹಿಟ್ಟು. ಪ್ರತಿ ಲೆಕ್ಕವನ್ನೂ ಎರಡು ಸಲ ಮಾಡುತ್ತಿದ್ದ. ಆಮೇಲೂ ಪಕ್ಕದವನ ಕಡೆ ನೋಡುತ್ತಿದ್ದ.

“ಬ್ಯಾಟಣ್ಣ, ಎರಡೆರಡ್ಲ ನಾಲ್ಕೇನಾ ಅಂತ ಒಂದ್ಸಲ ಮೇಷ್ಟ್ರನ್ನ ಕೇಳ್ಕೊಂಡ್ ಬಾ,” ಎಂದು ಪಕ್ಕದಲ್ಲಿ ಕೂರುತ್ತಿದ್ದ ಸೈಕಲ್ ಅಂಗಡಿಯ ಗಂಗುಲಪ್ಪ ಚುಡಾಯಿಸುತ್ತಿದ್ದ. ಬ್ಯಾಟಪ್ಪ ನಗುತ್ತಿದ್ದ. ಅವನಿಗೆ ತನ್ನ ಮೇಲೆ ನಂಬಿಕೆಯಿರಲಿಲ್ಲ; ನನ್ನ ಮೇಲಿತ್ತು.

ಪುಷ್ಯ ಮಾಸದ ಒಂದು ಶನಿವಾರ ಅವನು ಮೇಷ್ಟ್ರನ್ನು ಕೇಳಿ ನನ್ನನ್ನು ಅಕ್ಕನ ಊರಿಗೆ ಕರೆದುಕೊಂಡು ಹೋದ. ಅಕ್ಕ ಪಿಳ್ಳಮ್ಮನ ಗಂಡ ತೀರಿಕೊಂಡು ವರ್ಷವಾಗಿತ್ತು. ತಾನೂ ಮಗಳೂ ಯಾರ ಕೈಯನ್ನೂ ನೋಡದೆ ಬದುಕಬೇಕೆಂದು ಅವಳು ಒಂದು ಶೆಡ್ಡು ಕಟ್ಟಿಸಿ ಕೋಳಿ ಮರಿಗಳನ್ನು ತಂದು ಬಿಟ್ಟಿದ್ದಳು. ನೆಲಕ್ಕೆ ಭತ್ತದ ಹೊಟ್ಟು, ಮರಿಗಳಿಗೆ ಕಾವು ಕೊಡಲು ಮೇಲೆ ಹತ್ತು ಬಲ್ಬು. ಶೆಡ್ಡಿನ ಒಂದು ಮೂಲೆಗೆ ಚಾಪೆ ಅಡ್ಡ ಕಟ್ಟಿ ತಾಯಿ ಮಗಳು ಅಲ್ಲೇ ಮಲಗುತ್ತಿದ್ದರು.

ಹತ್ತೂ ಬಲ್ಬು ಒಂದೇ ತೆಳ್ಳನೆಯ ವೈರಿನಲ್ಲಿ ತೂಗುತ್ತಿದ್ದುದನ್ನು ನೋಡಿ ಬ್ಯಾಟಪ್ಪನ ಮುಖ ಸಣ್ಣದಾಯಿತು. ಸಂತೆಯಲ್ಲಿ ತಂದ ಬಲ್ಬುಗಳು. ಒಂದರಲ್ಲೂ ವಾಟಿನ ಅಚ್ಚು ಸರಿಯಾಗಿ ಕಾಣುತ್ತಿರಲಿಲ್ಲ. ಭಾನುವಾರ ಸಂಜೆ ಸ್ವಿಚ್ ಆರಿಸಿ ಒಂದನ್ನು ಬಿಚ್ಚಿದ. ಕೈಗೆ ಸುಡದಷ್ಟು ಆರುವವರೆಗೂ ಕಾದ. ಆಮೇಲೆ ನನ್ನ ಎರಡು ವೈರುಗಳನ್ನು ಮುಟ್ಟಿಸಿದ.

ನನ್ನ ಮುಳ್ಳು ನಲವತ್ತು ಓಮ್ ಹತ್ತಿರ ನಿಂತಿತು. ಅದು ನಿಜ. ಆ ಹೊತ್ತಿಗೆ ಅದೇ ನಿಜ.

ಬ್ಯಾಟಪ್ಪ ಗೋಡೆಯ ಮೇಲೆ ಇದ್ದಿಲಿನಿಂದ ಬರೆದ. ಇನ್ನೂರ ಮೂವತ್ತನ್ನು ನಲವತ್ತರಿಂದ ಭಾಗಿಸಿದರೆ ಐದೂಮುಕ್ಕಾಲು ಆಂಪಿಯರ್. ಅದನ್ನು ಮತ್ತೆ ವೋಲ್ಟಿನಿಂದ ಗುಣಿಸಿದರೆ ಒಂದೊಂದು ಬಲ್ಬಿಗೆ ಸಾವಿರದ ಮುನ್ನೂರಕ್ಕೂ ಮೇಲೆ ವಾಟ್. ಅಂಥವು ಹತ್ತು. ಇದ್ದಿಲು ಬಿಸಾಡಿ ಅಕ್ಕನನ್ನು ಕೂಗಿದ.

“ಅಕ್ಕಾ, ಈ ವೈರು ತಡೆಯಲ್ಲ. ಬೆಂಕಿ ಹತ್ಕೊಂತದೆ. ಬಿಚ್ಚಿಬಿಡೋಣ.”

“ನಾಕು ದಿನದಿಂದ ಉರೀತಾ ಅವೆ ಕಣೋ. ವೈರ್ ಮುಟ್ಟಿ ನೋಡು, ಬೆಚ್ಚಗೂ ಇಲ್ಲ.”

ಉಳಿದ ಬಲ್ಬುಗಳಿಗೆ ಮತ್ತೆ ಸ್ವಿಚ್ ಹಾಕಿ, ಒಂದಿಷ್ಟು ಹೊತ್ತು ಉರಿಯಲು ಬಿಟ್ಟು ಅವನು ಮುಟ್ಟಿದ. ನಿಜಕ್ಕೂ ಬಿಸಿಯಿರಲಿಲ್ಲ. ಒಂದು ಗಳಿಗೆ ಅನುಮಾನಿಸಿದ. ಆದರೆ ಅನುಮಾನ ಬಂದಾಗ ಏನು ಮಾಡಬೇಕೆಂದು ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. ಇನ್ನೊಂದು ಸಲ ಅಳೆದ, ಇನ್ನೊಂದು ಸಲ ಲೆಕ್ಕ ಮಾಡಿದ. ಅದೇ ಬಂತು.

“ಎರಡು ಸಲ ಮಾಡಿ ನೋಡ್ದೆ ಅಕ್ಕಾ. ನೀವಿಬ್ರೂ ಒಳಗೇ ಮಲಗ್ತೀರ.”

“ಚಳಿ ತಡೀತಾವೇನೋ ಮರಿ?” ಎಂದಳು ಪಿಳ್ಳಮ್ಮ. ಸ್ವಲ್ಪ ಹೊತ್ತು ಬಲ್ಬುಗಳನ್ನೇ ನೋಡಿದಳು. “ಆಗ್ಲಿ ಬಿಡು. ನೀನು ಕಲ್ತಿರೋನು.”

ಎರಡೇ ಬಲ್ಬು ಉಳಿದವು. ಸುತ್ತ ಗೋಣಿ ಕಟ್ಟಿದರು.

ಬೆಳಗಾದಾಗ ಮರಿಗಳು ಒಂದು ಮೂಲೆಯಲ್ಲಿ ಗುಡ್ಡೆಯಾಗಿದ್ದವು. ಕಾವಿಗೆಂದು ಒಂದರ ಮೇಲೊಂದು ಹತ್ತಿಕೊಂಡು, ಕೆಳಗಿನವು ಉಸಿರು ಕಟ್ಟಿ ಸತ್ತಿದ್ದವು. ಮೇಲಿನವು ಚಳಿಗೆ ಸತ್ತಿದ್ದವು. ಉಳಿದದ್ದು ಒಂದು ಬುಟ್ಟಿಯಷ್ಟು. ಬ್ಯಾಟಪ್ಪ ಬಾಗಿಲಲ್ಲೇ ಕುಕ್ಕರಿಸಿದ. ಪಿಳ್ಳಮ್ಮ ಅವನನ್ನು ಬೈಯಲಿಲ್ಲ. ಸತ್ತವನ್ನು ಒಂದೊಂದಾಗಿ ಎತ್ತಿ ಗೋಣಿಗೆ ಹಾಕುತ್ತಾ, ತಮ್ಮನ ಕಡೆ ತಿರುಗದೆ ಹೇಳಿದಳು:

“ಬೆಂಕಿ ಬೀಳ್ಲಿಲ್ಲ ಬಿಡೋ. ನನ್ ಮಗಳು ಉಳ್ಕಂಡ್ಲು.”

ಸೋಮವಾರ ಅವನು ನನ್ನನ್ನು ಮೇಷ್ಟ್ರ ಮೇಜಿನ ಮೇಲಿಟ್ಟ. ಮರಿಗಳ ಸುದ್ದಿ ಎತ್ತಲಿಲ್ಲ. ಮಿಲ್ಲಿನಲ್ಲಿ ಕೆಲಸದ ಹೊತ್ತು ಬದಲಾಗಿದೆ, ಇನ್ನು ಬರಲಾಗುವುದಿಲ್ಲ ಎಂದಷ್ಟೇ ಹೇಳಿ ಹೋದ.

ಆ ವಾರದ ಪಾಠ ಬಲ್ಬಿನದು. ಮೇಷ್ಟ್ರು ಮೊದಲು ತಣ್ಣಗಿದ್ದ ಬಲ್ಬಿಗೆ ನನ್ನನ್ನು ಮುಟ್ಟಿಸಿದರು. ಶೆಡ್ಡಿನಲ್ಲಿ ಬಂದ ಅದೇ ನಲವತ್ತು. ಆಮೇಲೆ ಅದನ್ನೇ ಉರಿಸಿ, ನನ್ನಿಂದ ವೋಲ್ಟನ್ನೂ ಹಲಗೆಯ ಮೇಲಿದ್ದ ಆಮ್ಮೀಟರಿನಿಂದ ಆಂಪಿಯರನ್ನೂ ನೋಡಿ ಭಾಗಿಸಿದರು. ಐನೂರಕ್ಕೂ ಮೇಲೆ. ಗುಣಿಸಿದರು. ನೂರು ವಾಟ್, ಅಷ್ಟೇ. ಪಿಳ್ಳಮ್ಮನ ವೈರು ಅಂಥ ಹತ್ತನ್ನೂ ತಡೆಯುತ್ತಿತ್ತು.

“ಸಾರ್, ಹಂಗಾದ್ರೆ ಮೊದ್ಲು ಮೀಟರ್ ಸುಳ್ ಹೇಳ್ತಾ?” ಎಂದ ಗಂಗುಲಪ್ಪ.

“ಸುಳ್ಳಲ್ಲಪ್ಪ. ತಣ್ಣಗಿರೋದನ್ನ ಕೇಳಿದ್ರಿ, ತಣ್ಣಗಿರೋದನ್ನ ಹೇಳ್ತು. ಒಳಗಿನ ತಂತಿ ಕಾದು ಬೆಳ್ಳಗಾದ್ರೆ ರೋಧ ಹತ್ತು ಪಟ್ಟಿಗೂ ಜಾಸ್ತಿ ಏರ್ತದೆ. ಉರಿಯೋ ಬಲ್ಬನ್ನ ಉರಿಸ್ಕೊಂಡೇ ಲೆಕ್ಕ ಹಾಕ್ಬೇಕು.” ಆಮೇಲೆ ಖಾಲಿ ಜಾಗ ನೋಡಿ, “ಬ್ಯಾಟಪ್ಪನಿಗೂ ಯಾರಾದ್ರೂ ಇದನ್ನ ಹೇಳಿ,” ಎಂದರು. ತಾನೇ ಹೇಳುತ್ತೇನೆಂದು ಗಂಗುಲಪ್ಪ ಒಪ್ಪಿಕೊಂಡ.

ಈಗ ಅಂಕಿಯನ್ನೇ ತೋರಿಸುವ ಹೊಸ ಮೀಟರುಗಳು ಬಂದಿವೆ. ನನ್ನ ಮುಳ್ಳು ಸೊನ್ನೆಗೆ ಮರಳುವುದಿಲ್ಲ. ಬೀರುವಿನ ಕೆಳಗಿನ ಅರೆಯಲ್ಲಿ, ಒಡೆದ ಹೋಲ್ಡರುಗಳ ಜೊತೆ ಬಿದ್ದಿದ್ದೇನೆ.

ಗಂಗುಲಪ್ಪ ಹೇಳಿದನೋ, ಮರೆತನೋ ನನಗೆ ಗೊತ್ತಿಲ್ಲ. ಹೇಳಿದ್ದರೆ ಬ್ಯಾಟಪ್ಪ ಅದನ್ನು ಅಕ್ಕನಿಗೆ ತಿಳಿಸಿದನೋ ಇಲ್ಲವೋ, ಅದೂ ಗೊತ್ತಿಲ್ಲ. ಹೇಳಿರಲಿ ಎಂದು ಹಾರೈಸಬೇಕೋ, ಮರೆತಿರಲಿ ಎಂದು ಹಾರೈಸಬೇಕೋ, ಅದು ಮಾತ್ರ ನನಗೆ ಇವತ್ತಿಗೂ ತಿಳಿದಿಲ್ಲ.