ಗ್ಲ್ಯಾಡಿಸಳ ಎಡಗೈ

ಶಂಕರಪುರದ ಬಾಲವಾಡಿಯಲ್ಲಿ ವಿನೋದಾ ಟೀಚರಿಗೆ ಅದು ಹನ್ನೊಂದನೆಯ ವರ್ಷ. ೧೯೮೧ರ ಆ ಜನವರಿಯಲ್ಲಿ ಮೂವತ್ತೊಂದು ಮಕ್ಕಳಿದ್ದರು. ಮನೆಯಲ್ಲಿ ಕೆಲವರದು ತುಳು, ಕೆಲವರದು ಕೊಂಕಣಿ; ಕನ್ನಡ ಕಿವಿಗೆ ಬೀಳುತ್ತಿದ್ದುದು ಟೀಚರ ಬಾಯಿಂದಲೇ. ಆಯಾ ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು. ಸಜ್ಜಿಗೆ ಬೇಯಿಸಿ, ಮೂಗು ಒರೆಸಿ, ನಡುನಡುವೆ ಒಂದೊಂದೇ ಬೆರಳು ಹಿಡಿದು ‘ಅ’ ತಿದ್ದಿಸುವಷ್ಟರಲ್ಲಿ ಅವರ ಸ್ವರವೇ ಬಿದ್ದುಹೋಗುತ್ತಿತ್ತು.

ಐದೂವರೆ ವರ್ಷದ ಗ್ಲ್ಯಾಡಿಸ್ ಸ್ಲೇಟಿನ ಕಡ್ಡಿ ಹಿಡಿಯುತ್ತಿದ್ದುದು ಎಡಗೈಯಲ್ಲಿ. ವಿನೋದಾ ದಿನವೂ ಅದನ್ನು ಬಲಗೈಗೆ ಕೊಡುವರು. ಅತ್ತ ತಿರುಗಿದೊಡನೆ ಅದು ಮತ್ತೆ ಎಡಗೈಯಲ್ಲಿರುತ್ತಿತ್ತು. ಮೇಲಿನವರು ತಪಾಸಣೆಗೆ ಬರುವರೆಂದು ಕಾಗದ ಬಂದ ದಿನ ಅವರ ತಾಳ್ಮೆ ತಪ್ಪಿತು. ಮಗುವಿನ ಗೆಣ್ಣಿಗೆ ಸ್ಕೇಲಿನಿಂದ ಒಂದೇಟು ಕೊಟ್ಟು, ಎಡಗೈಯನ್ನು ಕರವಸ್ತ್ರದಿಂದ ಫ್ರಾಕಿನ ಪಟ್ಟಿಗೆ ಕಟ್ಟಿದರು. ಗ್ಲ್ಯಾಡಿಸ್ ಅಳಲಿಲ್ಲ. ಮಧ್ಯಾಹ್ನದವರೆಗೂ ಸ್ಲೇಟು ಮುಟ್ಟದೆ ಕುಳಿತಿದ್ದಳು. ಮರುದಿನದಿಂದ ಬರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ವಿನೋದಾ ಅವಳ ಮನೆಗೆ ಹೋದರು. ತಾಯಿ ಸೆಲೀನ್ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ಪಕ್ಕದಲ್ಲಿ ಮೊಗ್ಗು ಜೋಡಿಸಿ ಕೊಡುತ್ತಿದ್ದ ಗ್ಲ್ಯಾಡಿಸ್, ಟೀಚರನ್ನು ಕಂಡು ಕೈ ಹಿಂದೆ ಅಡಗಿಸಿಕೊಂಡಳು.

“ಕೂತುಕೊಳ್ಳಿ ಟೀಚರ್. ಹೂ ಒಯ್ಯುವವರು ಬರುವ ಹೊತ್ತಾಯಿತು, ಕೈ ಬಿಡುವ ಹಾಗಿಲ್ಲ.”

“ಮಗುವಿಗೆ ಜ್ವರ ಉಂಟಾ, ಸೆಲೀನ್ ಬಾಯಿ?”

“ಜ್ವರ ಎಂತ ಇಲ್ಲ. ಬಾಲವಾಡಿ ಅಂದರೆ ಮಂಚದ ಅಡಿಗೆ ಹೋಗುತ್ತಾಳೆ.” ಸೆಲೀನಳ ಮಾತಿನಲ್ಲಿ ಸಿಟ್ಟಿರಲಿಲ್ಲ. “ನನಗೂ ಎಡಗೈಯೇ ಟೀಚರ್. ಒಂದನೇ ಕ್ಲಾಸಿನಲ್ಲಿ ನನಗೂ ಕೈ ಕಟ್ಟಿದ್ದರು. ಬಲಗೈಗೆ ಅಕ್ಷರ ಹತ್ತಲೇ ಇಲ್ಲ, ಶಾಲೆ ಬಿಟ್ಟೆ. ಈಗ ಇವಳ ಅಪ್ಪ ಮಸ್ಕತ್ತಿನಿಂದ ಬರೆದ ಕಾಗದ ಪಕ್ಕದ ಮನೆಯವರು ಓದಿ ಹೇಳಬೇಕು. ಗಂಡ ನನಗೆ ಬರೆದದ್ದು, ಎಲ್ಲ ಅವರಿಗೆ ಗೊತ್ತು.”

ತಪಾಸಣೆಯ ನೆಪ ಹೇಳಬೇಕೆಂದಿದ್ದ ವಿನೋದಾ ಅದನ್ನು ಬಿಟ್ಟರು. “ನಾನು ಹೊಡೆಯಬಾರದಿತ್ತು,” ಎಂದರು. ಮಗುವಿನ ಕಡೆ ಬಗ್ಗಿ, “ಯಾವ ಕೈಯಲ್ಲಿ ಬೇಕಾದರೂ ಬರಿ, ಆಯ್ತಾ?” ಎಂದು ಕೇಳಿದರು. ಗ್ಲ್ಯಾಡಿಸ್ ತಾಯಿಯ ಮುಖ ನೋಡಿದಳು.

ಎರಡು ದಿನ ಬಿಟ್ಟು ಬಂದಳು. ಅವಳು ಬರೆದಂತೆಲ್ಲ ಅವಳದೇ ಅಂಗೈ ಅದನ್ನು ಅಳಿಸಿಬಿಡುತ್ತಿತ್ತು. ವಿನೋದಾ ಸ್ಲೇಟನ್ನು ಓರೆಯಾಗಿಟ್ಟು ತೋರಿಸಿಕೊಟ್ಟರು. ಮೊದಲ ‘ಅ’ ಕನ್ನಡಿಯಲ್ಲಿ ಕಂಡಂತೆ ತಿರುಗಿತ್ತು. ಹತ್ತು ದಿನಗಳಲ್ಲಿ ಸರಿಯಾಯಿತು. ಬೇಸಿಗೆಯ ಹೊತ್ತಿಗೆ ‘ಋ’ವರೆಗೆ ಬಂದಿತ್ತು. ತಪಾಸಣೆಗೆ ಬಂದವರು ಪುಸ್ತಕದಲ್ಲಿ ‘ಎಡಗೈ ತಿದ್ದಿಲ್ಲ’ ಎಂದು ಬರೆದು ಹೋದರು. ವಿನೋದಾ ಸಹಿ ಹಾಕಿದರು.

ಜೂನಿನಲ್ಲಿ ಗ್ಲ್ಯಾಡಿಸ್ ಒಂದನೇ ಕ್ಲಾಸಿಗೆ ಸೇರಿದಳು. ಆ ದಿನ ವಿನೋದಾ ಕೊಡೆ ಹಿಡಿದು ಶಾಲೆಗೆ ಹೋಗಿ, ಮಾಸ್ಟರಿಗೆ ಅವಳ ಕೈಯ ವಿಷಯ ಹೇಳಿದರು.

“ಅರುವತ್ತು ಮಕ್ಕಳಿದ್ದಾರೆ ಟೀಚರ್,” ಎಂದರು ಮಾಸ್ಟರು, ಬೆವರು ಒರೆಸಿಕೊಳ್ಳುತ್ತ. “ಯಾರು ಯಾವ ಕೈಯಲ್ಲಿ ಬರೆಯುತ್ತಾರೆ ಅಂತ ನೋಡಲು ನನಗೆ ಎಲ್ಲಿ ಪುರುಸೊತ್ತು ಉಂಟು?”

“ನೋಡಬೇಡಿ ಮಾಸ್ಟ್ರೇ. ಅಷ್ಟು ಮಾಡಿದರೆ ಸಾಕು.”

ಹಿಂದಿರುಗುವಾಗ ಅವರಿಗೆ ಮಂಡಿ ನೋಯುತ್ತಿತ್ತು. ಬಾಲವಾಡಿಯ ಬಾಗಿಲಲ್ಲಿ ಹೊಸ ಮಕ್ಕಳು ತಾಯಂದಿರ ಸೆರಗು ಹಿಡಿದು ಅಳುತ್ತಿದ್ದರು. ವಿನೋದಾ ಕೊಡೆ ಮಡಚಿ ಒಳಗೆ ಹೋದರು.