ಆಚೆ ದಡದವರು ಸುಮ್ಮನಿದ್ದರು

ಸೇತುವೆಯ ಮೇಲೆ ಇನ್ನೂ ನೀರು ಹರಿಯುತ್ತಿತ್ತು. ಕರೆಂಟು ಹೋಗಿತ್ತು, ಡೀಸೆಲ್ ಟ್ಯಾಂಕರ್ ಬರುವ ದಾರಿ ಇರಲಿಲ್ಲ. ಬೆಳೆಗಾರರ ಸಹಕಾರ ಸಂಘದ ಕೋಲ್ಡ್ ಸ್ಟೋರೇಜಿನಲ್ಲಿ ಎರಡು ಕೋಣೆ, ಎರಡರ ತುಂಬ ಬಿತ್ತನೆ ಆಲೂಗಡ್ಡೆ. ಒಂದನೇ ಕೋಣೆಯಲ್ಲಿ ಹೊಳೆಯ ಈಚೆ ದಡದವರ ಮೂಟೆ, ಎರಡನೆಯದರಲ್ಲಿ ಆಚೆ ದಡದವರದ್ದು. ಉಳಿದ ಡೀಸೆಲಿನಲ್ಲಿ ಎರಡನ್ನೂ ತಂಪಾಗಿಡಲು ಹೋದರೆ ನೀರಿಳಿಯುವ ಮೊದಲೇ ಜನರೇಟರ್ ನಿಂತು ಎರಡೂ ಹಾಳಾಗುತ್ತಿದ್ದವು. ಒಂದನ್ನು ಮುಚ್ಚಿದರೆ ಇನ್ನೊಂದು ಉಳಿಯುತ್ತಿತ್ತು.

ಯಾವುದನ್ನು ಮುಚ್ಚಬೇಕೆಂಬುದು ಆಡಳಿತ ಮಂಡಳಿಯ ಕೈಯಲ್ಲಿರಲಿಲ್ಲ. ತುರ್ತು ಸಂದರ್ಭದಲ್ಲಿ ಸಿಕ್ಕಷ್ಟು ನಿರ್ದೇಶಕರೇ ಕೂತು ಡೀಸೆಲ್ ಕೊಳ್ಳಬಹುದು, ಚಾವಣಿ ರಿಪೇರಿ ಮಾಡಿಸಬಹುದು ಎನ್ನುತ್ತಿತ್ತು ಸಂಘದ ಬೈಲಾ. ಸದಸ್ಯರ ಮಾಲಿನ ತಂಟೆಗೆ ಹೋಗುವುದಾದರೆ ಮಾತ್ರ ಸದಸ್ಯರನ್ನೇ ಕೇಳಬೇಕು. ಬರಲಾಗದವರು ಫೋನಿನಲ್ಲಿ ಸೇರಬಹುದು. ಅವರ ಮಾತು ಸಭೆಗೆ ಕೇಳಿಸಬೇಕು; ಕೇಳಿಸದಿದ್ದರೆ ಅವರು ಸಭೆಗೆ ಬಂದಂತಲ್ಲ.

ಹಾಗಾಗಿ ಈಚೆಯವರು ಸಂಘದ ಹಾಲ್‌ನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಆಚೆಯವರು ಕಾರ್ಯದರ್ಶಿಯ ಲ್ಯಾಪ್‌ಟಾಪಿನಲ್ಲಿ, ಬೆಂಕಿಪೊಟ್ಟಣದಷ್ಟು ಚೌಕಗಳಲ್ಲಿ ಕೂತರು. ಕಾರ್ಯದರ್ಶಿ ಅಧ್ಯಕ್ಷರ ಅಣ್ಣನ ಮಗಳು. ಅವಳಪ್ಪ ಮುಂದಿನ ಸಾಲಿನಲ್ಲೇ ಇದ್ದ. ಸೊಂಟ ಮುರಿದುಕೊಂಡು, ಹಿಂದಿನ ಹಂಗಾಮನ್ನು ಹಾಸಿಗೆಯಲ್ಲೇ ಕಳೆದವನು. ಈ ಸಲದ ಅವನ ಅಷ್ಟೂ ಬೀಜ ಒಂದನೇ ಕೋಣೆಯಲ್ಲಿತ್ತು. ಮತ್ತೊಮ್ಮೆ ಹೊಲ ಬೀಳು ಬಿದ್ದರೆ ಅಪ್ಪ ಏಳುವ ಮನಸ್ಸನ್ನೇ ಬಿಟ್ಟಾನು ಎಂಬ ಭಯ ಅವಳಿಗೆ.

ಸ್ಪೀಕರಿನಿಂದ ಗದ್ದಲವೋ ಗದ್ದಲ. ಯಾರದೋ ಮನೆಯ ಮಗು ಅಳುತ್ತಿತ್ತು, ಯಾರದೋ ನಾಯಿ ಬೊಗಳುತ್ತಿತ್ತು. ಆಚೆ ದಡದ ಮೀಸೆಯಣ್ಣ "ಕೇಳಿಸ್ತಾ ಇದ್ಯಾ, ಕೇಳಿಸ್ತಾ ಇದ್ಯಾ" ಎಂದು ಕೂಗುತ್ತಲೇ ಇದ್ದ.

"ಕೇಳಿಸ್ತಾ ಇದೆ ಪುಣ್ಯಾತ್ಮ. ನಿನ್ನ ನಾಯೀದೂ ಕೇಳಿಸ್ತಾ ಇದೆ. ಅದಕ್ಕೂ ಒಂದು ಓಟು ಕೊಡೋಣ ಬಿಡು," ಎಂದರು ಅಧ್ಯಕ್ಷರು. ಆಮೇಲೆ ಕಾರ್ಯದರ್ಶಿಯತ್ತ ತಿರುಗಿ, "ಆ ಸಂತೆ ಸ್ವಲ್ಪ ನಿಲ್ಸಮ್ಮ," ಎಂದರು.

ಅವಳು ಎಲ್ಲರ ಮೈಕನ್ನೂ ಒಟ್ಟಿಗೆ ಮುಚ್ಚುವ ಗುಂಡಿ ಒತ್ತಿದಳು.

ಅಧ್ಯಕ್ಷರು ಪರಿಸ್ಥಿತಿ ವಿವರಿಸಿದರು. "ಎರಡನೇ ಕೋಣೆ ಬಾಗಿಲು ಹಳೇದು, ತಂಪು ಸೋರುತ್ತೆ. ಅದನ್ನೇ ಮುಚ್ಚೋಣ ಅಂತ ಠರಾವು. ಅಡ್ಡಿ ಇದ್ದೋರು ಹೇಳಿ."

ಆ ಸಂಘದಲ್ಲಿ ಕೈ ಎತ್ತಿಸಿ ಎಣಿಸುವ ರೂಢಿಯೇ ಇರಲಿಲ್ಲ. ಅಡ್ಡಿ ಇದೆಯೇ ಎಂದು ಅಧ್ಯಕ್ಷರು ಮೂರು ಸಲ ಕೇಳುವುದು, ಯಾರೂ ಬಾಯಿ ಬಿಡದಿದ್ದರೆ ಮೇಜು ಕುಟ್ಟುವುದು. ನಾಳೆಯೂ ಮುಖ ನೋಡಬೇಕಾದ ನೆರೆಯವನಿಗೆ 'ಬೇಡ' ಎನ್ನುವ ಮುಜುಗರ ತಪ್ಪಲಿ ಎಂದು ಹಿರಿಯರು ಮಾಡಿಟ್ಟ ಏರ್ಪಾಡು. ಒಂದೇ ಸೂರಿನಡಿ ಅದು ಚೆನ್ನಾಗಿಯೇ ನಡೆದಿತ್ತು. ಸುಮ್ಮನಿದ್ದವನ ಮುಖ ಅಲ್ಲಿ ಎಲ್ಲರಿಗೂ ಕಾಣುತ್ತಿತ್ತು.

ಮೂರನೇ ಸಲ ಕೇಳಿದಾಗಲೂ ಯಾರೂ ಉಸಿರೆತ್ತಲಿಲ್ಲ. ಅಧ್ಯಕ್ಷರು ಮೇಜು ಕುಟ್ಟಿದರು. "ಪಾಸಾಯ್ತು. ಆಚೆಯೋರು ದೊಡ್ಡ ಮನಸ್ಸು ಮಾಡಿದ್ರು."

ಕಾರ್ಯದರ್ಶಿ ಪರದೆಯ ಕಡೆ ನೋಡಿದಳು. ಚೌಕಗಳಲ್ಲಿ ಎಲ್ಲರ ಬಾಯಿಯೂ ಆಡುತ್ತಿತ್ತು. ಮೀಸೆಯಣ್ಣ ಕತ್ತಿನ ನರ ಉಬ್ಬಿಸಿಕೊಂಡು ಕೂಗುತ್ತಿದ್ದ.

ಲ್ಯಾಪ್‌ಟಾಪಿನ ಮುಖ ಅವಳ ಕಡೆಗಷ್ಟೇ ಇತ್ತು. ಲೈನು ಕೆಟ್ಟಿತ್ತು ಎಂದರೆ ಆಚೆಯವರೂ ನಂಬುತ್ತಿದ್ದರು. ಆ ವಾರ ಕೆಡದ ಲೈನೇ ಇರಲಿಲ್ಲ. ಮುಂದಿನ ಸಾಲಿನಿಂದ ಅಪ್ಪ ಅವಳನ್ನು ನೋಡಿ ನಕ್ಕ. ಬಹಳ ದಿನದ ಮೇಲೆ ಕಂಡ ನಗು. ಅವಳು ತಲೆ ತಗ್ಗಿಸಿದಳು.

"ಅಧ್ಯಕ್ಷರೇ, ಠರಾವು ಪಾಸಾಗಿಲ್ಲ."

"ಯಾಕೆ, ಮೇಜು ಕುಟ್ಟಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಆಚೆಯೋರಿಗೂ ಕೇಳಿಸಿದೆ. ಅವರು ಹೇಳಿದ್ದೇ ನಮಗೆ ಕೇಳಿಸಿಲ್ಲ. ಮೈಕ್ ಮುಚ್ಚಿದ್ದು ನಾನು. ತೆಗೆಯೋದು ಮರೆತೆ."

ಅಧ್ಯಕ್ಷರು ಎದ್ದು ಬಂದು ಅವಳ ಕಿವಿಯ ಹತ್ತಿರ ಬಗ್ಗಿದರು. "ಚಿಕ್ಕಪ್ಪನಾಗಿ ಹೇಳ್ತೀನಿ. ನಿಮ್ಮಪ್ಪನ ಮುಖ ನೋಡು."

"ನೋಡಿಯೇ ಹೇಳ್ತಾ ಇದೀನಿ, ಚಿಕ್ಕಪ್ಪ."

ಮೈಕು ತೆಗೆದದ್ದೇ ತಡ, ಸ್ಪೀಕರಿನಿಂದ ಬೈಗುಳ ಸುರಿಯಿತು. "ನಮ್ಮ ಬಾಯಿಗೆ ಬೀಗ ಹಾಕಿ ಒಪ್ಪಿದ್ರು ಅಂತೀರಾ?" ಎಂದ ಮೀಸೆಯಣ್ಣ.

"ಬೈಯಿ ಅಣ್ಣ, ತಪ್ಪು ನನ್ನದೇ. ಈಗ ಒಬ್ಬೊಬ್ಬರನ್ನೂ ಕೇಳ್ತೀನಿ. ಒಪ್ಪಿಗೆ ಇದ್ರೆ ಇದೆ ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ. ಸುಮ್ಮನಿದ್ರೆ ಲೆಕ್ಕಕ್ಕಿಲ್ಲ."

ಆಚೆ ದಡದವರೇ ಹೆಚ್ಚಿದ್ದರು. ಠರಾವು ಬಿತ್ತು. ಬಿದ್ದ ಮೇಲೆ ಮುಂದೇನು ಎಂದು ಯಾರಿಗೂ ತೋಚಲಿಲ್ಲ. ಜನರೇಟರ್ ಮಾತ್ರ ಡೀಸೆಲ್ ಕುಡಿಯುತ್ತಲೇ ಇತ್ತು.

ಕೊನೆಗೆ ಸ್ಪೀಕರಿನಿಂದ ಮೀಸೆಯಣ್ಣನ ಅತ್ತಿಗೆಯ ದನಿ ಬಂತು. "ನಮ್ದೆಲ್ಲಾ ಉಳೀಲಿ, ನಿಮ್ದು ಹಾಳಾಗ್ಲಿ ಅಂತ ನಾವೂ ಕೇಳಲ್ಲ. ಒಂದನೇ ಕೋಣೇಲಿ ಅರ್ಧ ನಿಮ್ದು, ಅರ್ಧ ನಮ್ದು ಇಡಿ. ಹೊರೋಕೆ ನಾವು ಬರೋ ಹಾಗಿಲ್ಲ. ನೀವೇ ಹೊರಬೇಕು."

"ನಮ್ಮ ಮೂಟೆ ಹೊರಗೆ, ನಿಮ್ಮದು ಒಳಗೆ, ಬೆನ್ನು ಮಾತ್ರ ನಮ್ದೇನಾ," ಎಂದರು ಯಾರೋ ಹಿಂದಿನಿಂದ. ಎರಡೂ ದಡ ನಕ್ಕವು.

ಕಾರ್ಯದರ್ಶಿ ಮತ್ತೆ ಒಬ್ಬೊಬ್ಬರನ್ನೇ ಕೇಳುತ್ತ ಬಂದಳು. ಇದೆ, ಇದೆ, ಇಲ್ಲ, ಇದೆ. ಅಪ್ಪನ ಸರದಿ ಬಂತು. ಅವನು ನೆಲ ನೋಡುತ್ತ ಕೂತಿದ್ದ.

"ಅಪ್ಪ, ಬಾಯಲ್ಲೇ ಹೇಳ್ಬೇಕು."

"ಅರ್ಧ ಹೊಲ ಬೀಳು ಬಿಡ್ಬೇಕಾಗುತ್ತೆ."

"ಗೊತ್ತು. ಒಪ್ಪಿಗೆ ಇದೆಯಾ, ಇಲ್ವಾ?"

ಅವಳು ಅವನ ಹೆಸರಿನ ಮುಂದೆ ಪೆನ್ನು ಊರಿದಳು.

"ಇದೆ ಅಂತ ಬರ್ಕೋ," ಎಂದ. ಆಮೇಲೆ ಮುಂದಿನ ಮೇಜು ಹಿಡಿದು, ಮೆಲ್ಲಗೆ, ಎದ್ದು ನಿಂತ. "ಆದ್ರೆ ನನ್ನವು ಯಾವ ಮೂಟೆ ಹೊರಗೆ ಹೋಗ್ಬೇಕು ಅಂತ ನಾನೇ ಆರಿಸ್ತೀನಿ. ಇವರಿಗೆ ಬಿಟ್ರೆ ಒಳ್ಳೇವನ್ನೇ ಎತ್ತಿ ಹಾಕ್ತಾರೆ."

ಸಭೆ ಮುಗಿಯುವವರೆಗೂ ಕಾಯದೆ ಕೋಲ್ಡ್ ಸ್ಟೋರೇಜಿನ ಕಡೆ ನಡೆದ.