ಓಣಿಯವರಿಗೆ ಗೊತ್ತಿಲ್ಲದ್ದು

ಬಂಗಾರದ ಮೇಲೆ ಸಾಲ ಕೊಡುವ ಕಂಪನಿಯೊಂದು ವಿಜಯಪುರದ ಅಥಣಿ ರಸ್ತೆಯಲ್ಲಿ ಹೊಸ ಶಾಖೆ ತೆರೆದು, ಕ್ಯಾಶಿಯರ್ ಕೆಲಸಕ್ಕೆ ವಿದ್ಯಾವತಿಯನ್ನು ಆರಿಸಿಕೊಂಡಿತು. ಆರಿಸಿಕೊಂಡಿತು ಎಂದರೆ ಕೆಲಸ ಕೊಟ್ಟೇಬಿಟ್ಟಿತು ಎಂದಲ್ಲ. ಈಗಿನ ಕಂಪನಿಗಳು ಅಷ್ಟು ಸಲೀಸಾಗಿ ಕೊಡುವುದಿಲ್ಲ. ಹನ್ನೆರಡು ಪುಟದ ಫಾರ್ಮ್ ತುಂಬಬೇಕು, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಹಚ್ಚಬೇಕು, ನನ್ನ ಸಾಲದ ಚರಿತ್ರೆ ತೆಗೆದು ನೋಡಲು ಅಡ್ಡಿಯಿಲ್ಲ ಎಂದು ಸಹಿ ಮಾಡಬೇಕು. ಅದೆಲ್ಲ ಆದಮೇಲೆ ಅವರ ಕಡೆಯ ಮನುಷ್ಯನೊಬ್ಬ ಮನೆಯ ಹತ್ತಿರ ಬಂದು ನೆರೆಹೊರೆಯಲ್ಲಿ ವಿಚಾರಿಸಿ ಹೋಗುತ್ತಾನೆ. ಪರರ ದುಡ್ಡು ಮುಟ್ಟುವವಳು ಎಂಥವಳು ಎಂದು ನೋಡುವುದು ತಪ್ಪಲ್ಲ ಬಿಡಿ. ಆದರೆ ಹೆಣ್ಣು ತರುವವರೂ ಇಷ್ಟು ಕೇಳುವುದಿಲ್ಲ.

ವಿದ್ಯಾವತಿಗೆ ಮೂವತ್ನಾಲ್ಕು ವರ್ಷ. ಬಬಲೇಶ್ವರದಲ್ಲಿ ಎರಡು ಖೋಲಿಯ ಬಾಡಿಗೆ ಮನೆ. ದಿನಾ ಬಸ್ಸು ಹಿಡಿದು ವಿಜಯಪುರಕ್ಕೆ ಹೋಗಿ, ಸೀರೆ ಅಂಗಡಿಯಲ್ಲಿ ಹತ್ತು ತಾಸು ನಿಂತು, ಬಾತ ಕಾಲು ಎಳೆದುಕೊಂಡು ಮನೆಗೆ ಬರುತ್ತಿದ್ದಳು. ಗಿರಾಕಿ ಇಲ್ಲದಾಗಲೂ ಅಲ್ಲಿ ಕೂಡುವಂತಿರಲಿಲ್ಲ. ಹೊಸ ಕೆಲಸದಲ್ಲಿ ಪಗಾರ ಎರಡರಷ್ಟಿತ್ತು, ಪಿಎಫ್ ಇತ್ತು, ರವಿವಾರ ಸೂಟಿ ಇತ್ತು. ಅವಳಿಗೆ ಮಾತ್ರ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಕ್ಯಾಶ್ ಕೌಂಟರಿನ ಕುರ್ಚಿ.

ಫಾರ್ಮಿನಲ್ಲಿ ಅವಳು ಒಂದಕ್ಷರ ಸುಳ್ಳು ಬರೆಯಲಿಲ್ಲ. ಗಂಡ ಅರುಣಕುಮಾರ ನಾಲ್ಕು ವರ್ಷದಿಂದ ಜೊತೆಗಿಲ್ಲ, ಎಲ್ಲಿದ್ದಾನೆಂದು ತಿಳಿಯದು ಎಂದು ಬರೆದಳು. ಅವನ ಮೊಬೈಲ್ ಅಂಗಡಿಗಾಗಿ ತನ್ನ ಹೆಸರಿನಲ್ಲಿ ಸಾಲ ತೆಗೆದಿದ್ದೆ, ಐದು ಕಂತು ತಪ್ಪಿದ್ದವು, ಬಳೆ ಮಾರಿ ಎಲ್ಲ ತೀರಿಸಿದೆ ಎಂದೂ ಬರೆದಳು. ಹೇಗೂ ಕಂಪ್ಯೂಟರಿನಲ್ಲಿ ಕಾಣುತ್ತದೆ, ಮುಚ್ಚಿಟ್ಟರೆ ಕೆಲಸ ಕೈತಪ್ಪುತ್ತದೆ ಎಂದು ಅವಳ ವಿಚಾರ. ಪಕ್ಕದ ಮನೆಯ ಮುರಿಗೆವ್ವನಿಗೆ ನಾಲ್ಕು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳದ್ದನ್ನು, ಮುಖ ಕಾಣದ ಕಂಪನಿಗೆ ಒಂದೇ ಮಧ್ಯಾಹ್ನದಲ್ಲಿ ಬರೆದುಕೊಟ್ಟಳು. ಓಣಿಯ ಮಟ್ಟಿಗೆ ಅರುಣಕುಮಾರ ಪುಣೆಯಲ್ಲಿ ಒಳ್ಳೆಯ ಕೆಲಸದಲ್ಲಿದ್ದ, ಪಾಪ, ರಜೆ ಸಿಗದೆ ಒದ್ದಾಡುತ್ತಿದ್ದ.

ವಿಚಾರಿಸಲು ಬಂದವನು ಟಿಕೋಟಾದ ಕಾಸಿಮಸಾಬ. ವಯಸ್ಸು ಐವತ್ತೈದರ ಮೇಲೆ, ಮನೆಗಿಷ್ಟು ಎಂದು ಸಿಗುವ ದುಡ್ಡಿಗೆ ಹಳೆಯ ಸ್ಕೂಟರಿನಲ್ಲಿ ಊರೂರು ತಿರುಗುವ ಮನುಷ್ಯ. ಬಿಜ್ಜರಗಿ, ಕಳ್ಳಕವಟಗಿ ಮುಗಿಸಿ ಬಬಲೇಶ್ವರಕ್ಕೆ ಬಂದಾಗ ವಿದ್ಯಾವತಿ ಅಂಗಡಿಯಲ್ಲಿದ್ದಳು. ಯಾವ ಕಂಪನಿ, ಯಾತಕ್ಕೆ ಎಂದು ಯಾರಿಗೂ ಹೇಳಕೂಡದೆಂದು ಅವನಿಗೆ ತಾಕೀತು. ಹಾಗಾಗಿ ಓಣಿಯ ಮೂಲೆಯ ಕಿರಾಣಿ ಅಂಗಡಿಯ ಗುರಲಿಂಗಪ್ಪನನ್ನೂ, ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಮುರಿಗೆವ್ವನನ್ನೂ ಸುಮ್ಮನೆ ಕೇಳಿದ: ಆ ಮನೆಯಲ್ಲಿ ಯಾರಿದ್ದಾರೆ, ಗಂಡ ಎಲ್ಲಿ, ಸಾಲಸೋಲ ಉಂಟೇ?

ನಮ್ಮ ಕಡೆ ಕಂಕುಳಲ್ಲಿ ಫೈಲು ಇಟ್ಟುಕೊಂಡ ಪರಊರವನು ಹೀಗೆ ಕೇಳಿದರೆ, ಅವನು ಒಂದೋ ಬೀಗತನಕ್ಕೆ ಬಂದವನು, ಇಲ್ಲವೇ ವಸೂಲಿಗೆ ಬಂದವನು. ಗುರಲಿಂಗಪ್ಪ ವಸೂಲಿಯವನು ಎಂದುಕೊಂಡ. ಮುರಿಗೆವ್ವ, ಅರುಣಕುಮಾರನಿಗೆ ಸಾಲ ಕೊಟ್ಟವರ ಕಡೆಯ ವಕೀಲನೇ ಸೈ ಎಂದುಕೊಂಡಳು. ಯಾರೇ ಬಂದಿರಲಿ, ಓಣಿಯ ಉತ್ತರ ಒಂದೇ. ಬಂಗಾರದಂಥ ಮಂದಿ, ಗಂಡ ಪುಣೆಯಿಂದ ತಿಂಗಳಾ ತಿಂಗಳಾ ರೊಕ್ಕ ಕಳಿಸುತ್ತಾನೆ, ಹೋದ ಅಮಾಸೆಗೆ ಬಂದು ಹೋದ, ಸಾಲ ಎಂಬುದು ಆ ಮನೆಯ ಹೊಸ್ತಿಲು ಕಂಡಿಲ್ಲ. ಇಬ್ಬರೂ ಜಿದ್ದಿಗೆ ಬಿದ್ದವರಂತೆ ಹೊಗಳಿದರು. ಕಾಸಿಮಸಾಬ ಎಲ್ಲವನ್ನೂ ಬರೆದುಕೊಂಡು ಹೋದ.

ಮೂರನೆಯ ದಿನ ಶಾಖೆಯ ಮ್ಯಾನೇಜರ್ ಸತೀಶಕುಮಾರ ವಿದ್ಯಾವತಿಗೆ ಫೋನ್ ಮಾಡಿದ.

"ಮೇಡಂ, ನೀವು ಬರದದ್ದು ಒಂದು, ನಿಮ್ಮ ಓಣ್ಯಾಗ ಹೇಳಿದ್ದು ಒಂದು. ಗಂಡ ಬಂದು ಹೋಗ್ತಾರಂತ, ರೊಕ್ಕ ಕಳಸ್ತಾರಂತ. ಮ್ಯಾಲಿನವರು ನಿಮ್ಮದ ಸುಳ್ಳು ಅನ್ನಾಕತ್ತಾರ್ರಿ."

ನಿಜ ಬರೆದವಳು ಸುಳ್ಳಿಯಾದಳು. ವಿದ್ಯಾವತಿ ಅಂಗಡಿಯ ಹಿಂದಿನ ಸ್ಟೋರ್ ರೂಮಿನಲ್ಲಿ ನಿಂತು ಎಷ್ಟೋ ಹೇಳಿದಳು. ಕೊನೆಗೆ ಅವನು, ನಾಳಿದ್ದು ಇನ್ನೊಮ್ಮೆ ಮನುಷ್ಯನನ್ನು ಕಳಿಸುತ್ತೇನೆ, ಆಗಲೂ ತಾಳೆಯಾಗದಿದ್ದರೆ ಪಟ್ಟಿಯಲ್ಲಿ ನಿಮ್ಮ ಕೆಳಗಿರುವವರಿಗೆ ಕೆಲಸ ಹೋಗುತ್ತದೆ ಎಂದ. ಕೆಟ್ಟ ಮನುಷ್ಯನೇನಲ್ಲ. ಅವನ ಕೈಯಲ್ಲೂ ಏನೂ ಇರಲಿಲ್ಲ.

ಆ ಸಂಜೆ ಅವಳು ಮುರಿಗೆವ್ವನ ಮನೆಗೆ ಹೋದಳು. ಏನು ಹೇಳಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು, ಬಾಯಿಗೆ ಬಂದದ್ದು ಅರ್ಧ. ಕೆಲಸದ ವಿಷಯ ಹೇಳಿದಳು. ನಮ್ಮ ಮನೆಯವರು ಪುಣೆಯಲ್ಲಿಲ್ಲ, ನನ್ನ ಜೊತೆಗೂ ಇಲ್ಲ, ಸಾಲ ಇತ್ತು, ತೀರಿದೆ. ಬಂದವನಿಗೆ ಇಷ್ಟು ಹೇಳು, ಗುರಲಿಂಗಪ್ಪ ಕಾಕಾನಿಗೂ ತಿಳಿಸು ಎಂದಳು. ಮುರಿಗೆವ್ವ ಬೆರಗಾಗಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಆಯಿತು ಎಂದಳು. ಅದೇಕೆ ಹೀಗೆ ಎಂದು ಯೋಚಿಸುವಷ್ಟು ತ್ರಾಣ ವಿದ್ಯಾವತಿಯಲ್ಲಿ ಉಳಿದಿರಲಿಲ್ಲ. ನಾಲ್ಕು ವರ್ಷದ ಮಾನ ಎರಡು ಮಾತಿನಲ್ಲಿ ಹೋಯಿತಲ್ಲ ಎಂದು ಊಟವನ್ನೂ ಮಾಡದೆ ಮಲಗಿದಳು.

ಕಾಸಿಮಸಾಬ ಮತ್ತೆ ಬಂದ ದಿನ ಅವಳು ಅಂಗಡಿಗೆ ರಜೆ ಹಾಕಿದ್ದಳು. ಕೇಳುವ ಹೊತ್ತಿಗೆ ಅರ್ಜಿದಾರರು ಎದುರಿಗೆ ಇರಕೂಡದು ಎಂಬುದೊಂದು ನಿಯಮ. ಅವಳು ಒಳಗೆ ಕದದ ಹಿಂದೆ ಕೂತಳು. ಕಟ್ಟೆಯ ಮೇಲೆ ಮುರಿಗೆವ್ವ, ಗುರಲಿಂಗಪ್ಪ ಕೂತಿದ್ದರು, ಬೇಡವೆಂದರೂ ಆಚೀಚೆ ಮನೆಯವರು ಬಂದು ನಿಂತಿದ್ದರು. ವಿದ್ಯಾವತಿ ಹೇಳಿಕೊಟ್ಟಷ್ಟು ಮಾತನ್ನು ಮುರಿಗೆವ್ವ ಒಪ್ಪಿಸಿದಳು. ಕಾಸಿಮಸಾಬ ಪೆನ್ನು ಎತ್ತಲಿಲ್ಲ.

"ಆಯಿ, ಹ್ವಾದ ಸಲ ಒಂದು ಹೇಳಿದ್ರಿ, ಈಗ ಒಂದು ಹೇಳಾಕತ್ತೀರಿ. ಹೇಳಿಕೊಟ್ಟದ್ದು ನಡಿಯಂಗಿಲ್ರಿ. ನಿಮಗ ಯಾವಾಗಿಂದ ಗೊತ್ತು, ಹೆಂಗ ಗೊತ್ತು, ಅದನ್ನ ಹೇಳ್ರಿ."

ಮುರಿಗೆವ್ವ ವಿದ್ಯಾವತಿಯ ಮನೆಯ ಕದದ ಕಡೆ ಒಮ್ಮೆ ನೋಡಿದಳು. ಆಮೇಲೆ, "ಆಂವ ಹ್ವಾದ ದಿನದಿಂದ ಗೊತ್ತೈತ್ರಿ," ಎಂದಳು. "ಎರಡೂ ಮನಿಗೆ ಗ್ವಾಡಿ ಒಂದ ಐತಿ. ಆಕಿ ಅತ್ತದ್ದು ನಮಗ ಕೇಳಸ್ತೈತಿ."

ಒಮ್ಮೆ ಬಾಯಿ ಬಿಟ್ಟಮೇಲೆ ಎಲ್ಲ ಹೊರಗೆ ಬಂತು. ಎರಡು ದೀಪಾವಳಿಗೆ ವಿದ್ಯಾವತಿ, ಪುಣೆಗೆ ಗಂಡನ ಹತ್ತಿರ ಹೋಗಿಬರುತ್ತೇನೆ ಎಂದು ಚೀಲ ತುಂಬಿಕೊಂಡು ಹೊರಟಿದ್ದಳು. ವಿಜಯಪುರದಲ್ಲಿ ಗೆಳತಿ ಶಬನಮಳ ಮನೆಯಲ್ಲಿ ಮೂರು ದಿನ ಇದ್ದು, ಬರುವಾಗ ಪುಣೆಯ ಹೆಸರಾದ ತಿಂಡಿ ಬಾಕರವಡಿ ತಂದು ಓಣಿಗೆಲ್ಲ ಹಂಚಿದ್ದಳು. ಪೊಟ್ಟಣದ ಮೇಲೆ ವಿಜಯಪುರದ ಅಂಗಡಿಯ ಹೆಸರೇ ಇತ್ತಂತೆ. ಓಣಿಯವರೆಲ್ಲ ಓದಿದರು, ತಿಂದರು, ಪುಣೆಯ ಮಾಲಿನ ರುಚಿಯೇ ಬೇರೆ ಎಂದರು. ಗುರಲಿಂಗಪ್ಪ ತನ್ನದನ್ನು ಹೇಳಿದ. ಕಿಲೋ ಎಣ್ಣೆ ಒಯ್ಯುತ್ತಿದ್ದವಳು ಪಾವು ಕಿಲೋಕ್ಕೆ ಇಳಿದಾಗ ಅವನಿಗೆ ಮನೆಯ ಹಾಲತ್ತು ತಿಳಿದಿತ್ತು. ಬಂಗಾರದ ಬಳೆ ಹೋಗಿ ಗಾಜಿನವು ಬಂದಾಗ ಸಾಲ ತೀರಿತು ಎಂಬುದೂ ತಿಳಿಯಿತು. ಆಮೇಲೆ ಎಷ್ಟೋ ದಿನ ಅವನು ಅವಳಿಗೆ ತೂಕದಲ್ಲಿ ಒಂದಿಷ್ಟು ಹೆಚ್ಚು ಹಾಕಿ, ತಕ್ಕಡಿ ಹಳೆಯದಾಗಿದೆ, ಸರಿಯಾಗಿ ತೂಗುವುದಿಲ್ಲ ಎಂದು ತಕ್ಕಡಿಯನ್ನೇ ಬೈಯುತ್ತಿದ್ದ. ನಿಂತಿದ್ದವರಲ್ಲೂ ಒಬ್ಬೊಬ್ಬರಿಗೆ ಒಂದೊಂದು ಗೊತ್ತಿತ್ತು.

ಕದದ ಹಿಂದೆ ವಿದ್ಯಾವತಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ತಾನು ಇಷ್ಟು ವರ್ಷ ಜಾಣತನದಿಂದ ಮುಚ್ಚಿಟ್ಟೆ ಎಂದುಕೊಂಡದ್ದನ್ನು ಇವರೆಲ್ಲ ಸೇರಿ ಮುಚ್ಚಿಟ್ಟಿದ್ದರು. ನಾಚಿಕೆಯೋ ದುಃಖವೋ ಅವಳಿಗೇ ತಿಳಿಯಲಿಲ್ಲ. ಎದ್ದು ಹೋಗಿ ಸಾಕು ಮಾಡಿ ಎನ್ನಬೇಕೆನಿಸಿತು. ಎದ್ದರೆ ಕೆಲಸ ಹೋಗುತ್ತಿತ್ತು, ಅದಕ್ಕೇ ಏಳಲಿಲ್ಲ.

ಕಾಸಿಮಸಾಬನ ಫಾರ್ಮಿನಲ್ಲಿ ನೆರೆಯವರ ಹೇಳಿಕೆಗೆ ಇದ್ದದ್ದು ನಾಲ್ಕೇ ಗೆರೆ. ಗಂಡ ಜೊತೆಗಿಲ್ಲ, ಸಾಲ ತೀರಿದೆ, ಅರ್ಜಿಯೊಂದಿಗೆ ತಾಳೆಯಾಗಿದೆ ಎಂದು ಬರೆದು ಇಬ್ಬರ ಸಹಿ ತೆಗೆದುಕೊಂಡ. ಉಳಿದದ್ದನ್ನು ಬರೆಯಲು ಜಾಗವೂ ಇರಲಿಲ್ಲ, ಯಾರಿಗೂ ಅದು ಬೇಕಾಗಿಯೂ ಇರಲಿಲ್ಲ. ಚಹಾ ಕೊಟ್ಟರೂ ಕುಡಿಯದೆ, ಯಾರ ಮುಖವನ್ನೂ ನೋಡದೆ ಸ್ಕೂಟರ್ ಹತ್ತಿ ಹೋದ.

ಜನ ಒಬ್ಬೊಬ್ಬರಾಗಿ ಕರಗಿದರು. ದಿನಾ ಬಾಗಿಲಲ್ಲಿ ಇಣುಕಿ ಏನಾದರೂ ಅಂದು ಹೋಗುತ್ತಿದ್ದವರು ಅವತ್ತು ತಲೆ ತಗ್ಗಿಸಿ ಹಾದು ಹೋದರು. ಸಂಜೆಗೆ ಸತೀಶಕುಮಾರನ ಮೆಸೇಜು ಬಂತು: ಸೋಮವಾರ ಹತ್ತಕ್ಕೆ ಬನ್ನಿ. ವಿದ್ಯಾವತಿ ಅದನ್ನು ಎರಡು ಸಲ ಓದಿದಳು, ಸಂತೋಷಪಡುವ ಶಕ್ತಿ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮುರಿಗೆವ್ವ ಬಂದು ಹೊಸ್ತಿಲ ಹೊರಗೇ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ.

"ನಮಗ ಮೊದಲಿಂದ ಗೊತ್ತಿತ್ತು ಯವ್ವಾ," ಎಂದಳು. "ನಮಗ ಗೊತ್ತೈತಿ ಅನ್ನೂದು ನಿನಗ ಗೊತ್ತಾಗಬಾರದಿತ್ತು."

ಮುದುಕಿ ಕೆಲಸ ಆಯಿತೇ ಎಂದು ಕೇಳಿದಳು. ಆಯಿತು, ಸೋಮವಾರದಿಂದ ಎಂದು ವಿದ್ಯಾವತಿ ಹೇಳಿ, ಪಗಾರದ ಮಾತು ತೆಗೆಯಬೇಕೆನ್ನುವಷ್ಟರಲ್ಲಿ ಮುರಿಗೆವ್ವ ಕೈ ಅಡ್ಡ ಹಿಡಿದಳು.

"ಪಗಾರ ಎಷ್ಟಂತ ಹೇಳಬ್ಯಾಡ ಮಗಳ. ನಾಳೆ ಯಾರರೆ ಕೇಳಿದ್ರ, ನಮಗ ಖರೇನ ಗೊತ್ತಿಲ್ಲ ಅನ್ನಾಕ ಒಂದರೆ ಇರಲಿ."

ಇಷ್ಟು ಹೇಳಿ ಅವಳು ತನ್ನ ಮನೆಗೆ ಹೋದಳು. ವಿದ್ಯಾವತಿ ಆ ಓಣಿಯಲ್ಲಿ ಇರುವವರೆಗೂ ತನ್ನ ಪಗಾರ ಎಷ್ಟೆಂದು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.